ನಗಿಸುವ ಅನಿಮೇಷನ್: ಸ್ಕ್ರಿಪ್ಟ್‌ನಿಂದ ಮೊದಲ ಪಾವತಿಯವರೆಗೆ

ಯೂಟ್ಯೂಬ್‌ನಿಂದ ನನ್ನ ಮೊದಲ ಪಾವತಿ ಕೊನೆಗೂ ಖಾತೆಗೆ ಜಮೆಯಾಗಿದೆ. ಒಬ್ಬರೇ ಕೂತು ಹಾಸ್ಯದ ಅನಿಮೇಷನ್ ಮಾಡಿ, ಆನ್‌ಲೈನ್‌ನಲ್ಲಿ ಹಾಕಿ, ಅದರಲ್ಲೇ ಹೊಟ್ಟೆಪಾಡು ನೋಡಿಕೊಳ್ಳಬೇಕು ಅನ್ನುವವರಿಗೆ ಈ ದಾರಿಯನ್ನು ಆದಿಯಿಂದ ಅಂತ್ಯದವರೆಗೆ ಒಂದೇ ಕಡೆ ಹೇಳುವವರು ಕಡಿಮೆ. ಚಿತ್ರ ಬಿಡಿಸುವುದನ್ನು ಕಲಿಸುವವರು ತೆರಿಗೆ ಫಾರ್ಮ್ ವಿಷಯಕ್ಕೆ ಬರುವುದಿಲ್ಲ. ದುಡ್ಡಿನ ವಿಷಯ ಹೇಳುವವರಿಗೆ ಒಂದು ನಗೆ ಹುಟ್ಟಲು ಎಷ್ಟು ಫ್ರೇಮ್ (ವಿಡಿಯೊದ ಒಂದೊಂದು ಸ್ಥಿರ ಚಿತ್ರ) ತಡೆಯಬೇಕು ಅನ್ನುವುದು ಗೊತ್ತಿರುವುದಿಲ್ಲ. ಈಗಷ್ಟೇ ಎರಡೂ ಕಡೆ ಅಲೆದು ಬಂದಿರುವುದರಿಂದ, ಹಿಂದೆ ಬರುವವರಿಗೆ ಉಪಯೋಗವಾಗಲಿ ಅಂತ ಎಲ್ಲವನ್ನೂ ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಸೆಕೆಂಡಿಗೆ 24 ಫ್ರೇಮ್ ಅಂದರೆ ಮೂರು ನಿಮಿಷದ ವಿಡಿಯೊಗೆ 4,320 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೆ (ಈ ಕಸುಬಿನಲ್ಲಿ ಇದಕ್ಕೆ 'ಟೂಸ್' ಅನ್ನುತ್ತಾರೆ) 2,160 ಚಿತ್ರ. ಒಬ್ಬರೇ ಇಷ್ಟನ್ನೂ ಬಿಡಿಸಲು ಹೊರಟರೆ ತಿಂಗಳುಗಳು ಕಳೆಯುತ್ತವೆ, ಅಷ್ಟರಲ್ಲಿ ಜೋಕ್ ಮೇಲಿನ ನಂಬಿಕೆಯೇ ಹೊರಟುಹೋಗಿರುತ್ತದೆ. ಹಾಗಾಗಿ ಏನು ಅಲುಗಾಡಬೇಕು, ಏನು ಅಲುಗಾಡಬಾರದು ಅನ್ನುವುದನ್ನು ಸ್ಕ್ರಿಪ್ಟ್‌ನಲ್ಲೇ ತೀರ್ಮಾನಿಸಬೇಕು. ಹಾಸ್ಯದ ಮಟ್ಟಿಗೆ ಒಂದು ಅನುಕೂಲವಿದೆ: ಕದಲದೆ ನಿಂತ ಮುಖ ಬಿಡಿಸಲು ಸುಲಭ, ಎಷ್ಟೋ ಸಲ ಓಡಾಡುವ ಮುಖಕ್ಕಿಂತ ಹೆಚ್ಚು ನಗಿಸುತ್ತದೆ.

ಸ್ಕ್ರಿಪ್ಟ್ ಓದುವಾಗ ಕೆಂಪು ಪೆನ್ನು ಹಿಡಿದು ದುಬಾರಿ ಜಾಗಗಳಿಗೆಲ್ಲ ಗುರುತು ಹಾಕಿ. ಗುಂಪು, ಪೂರ್ತಿ ದೇಹ ಕಾಣುವ ನಡಿಗೆ, ಪಾತ್ರ ಒಂದು ಸುತ್ತು ತಿರುಗುವುದು, ಇಬ್ಬರು ಒಬ್ಬರನ್ನೊಬ್ಬರು ಹಿಡಿದು ಎಳೆದಾಡುವುದು, ಬೆರಳುಗಳಿಂದ ಮಾಡುವ ಸಣ್ಣ ಕೆಲಸ, ಎಲ್ಲವೂ ದುಬಾರಿ. "ಅವನು ಕೋಣೆ ದಾಟಿ ಕಿಟಕಿಯ ಹತ್ತಿರ ಹೋದ" ಅಂತ ಬರೆಯಲು ಒಂದು ಸಾಲು ಸಾಕು, ಬಿಡಿಸಲು ದಿನಗಟ್ಟಲೆ ಬೇಕು. ಅದೇ ಪಾತ್ರವನ್ನು ನೇರವಾಗಿ ಕಿಟಕಿಯ ಪಕ್ಕ ನಿಲ್ಲಿಸಿ ಕಟ್ ಮಾಡಿದರೆ ಯಾರಿಗೂ ಏನೂ ಕಡಿಮೆಯಾದಂತೆ ಅನಿಸುವುದಿಲ್ಲ. ನಡಿಗೆಯೇ ಜೋಕ್ ಆಗಿದ್ದರೆ ಮಾತ್ರ ಉಳಿಸಿ. ಒಂದು ವಿಡಿಯೊದಲ್ಲಿ ಕೈಬಿಚ್ಚಿ ಖರ್ಚು ಮಾಡುವ ದೃಶ್ಯ ಒಂದೋ ಎರಡೋ ಇರಲಿ, ಉಳಿದದ್ದನ್ನು ಮಾತು, ಮುಖಭಾವ ಮತ್ತು ಸದ್ದು ನೋಡಿಕೊಳ್ಳಬೇಕು.

ಧ್ವನಿ ಯಾವತ್ತೂ ಚಿತ್ರಕ್ಕಿಂತ ಮೊದಲು. ಬಿಡಿಸಿದ ಬಾಯಿಗೆ ಮಾತು ಕೂರಿಸಲು ಹೋದರೆ ಮಾತಿನ ಜೀವವೇ ಹೋಗುತ್ತದೆ. ದುಬಾರಿ ಮೈಕ್‌ಗಿಂತ ಒಳ್ಳೆಯ ಕೋಣೆ ಮುಖ್ಯ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರೆದುರು ಕೂತರೆ ಪ್ರತಿಧ್ವನಿ ಬಹುಪಾಲು ಇಂಗುತ್ತದೆ. ಮೈಕ್ ಬಾಯಿಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲದೆ ಸ್ವಲ್ಪ ಓರೆಯಾಗಿ ಇರಲಿ, ನಡುವೆ ಪಾಪ್ ಫಿಲ್ಟರ್ (ಉಸಿರಿನ ರಭಸ ತಡೆಯುವ ಜಾಲರಿ) ಇರಲಿ. ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 24 ಬಿಟ್‌ನ ವೇವ್ ಫೈಲ್ (ಸಂಕುಚಿಸದ ಧ್ವನಿ ಫೈಲ್) ಆಗಿರಲಿ. ಮೀಟರ್‌ನಲ್ಲಿ ಅತಿ ಜೋರಿನ ಜಾಗ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ಒಳಗೆ ನಿಲ್ಲಬೇಕು. ಕಿರುಚುವ ಸಾಲುಗಳನ್ನು ಬೇರೆಯಾಗಿ, ಗೇನ್ (ಮೈಕ್ ಧ್ವನಿ ಹಿಡಿಯುವ ಮಟ್ಟ) ಇಳಿಸಿ ರೆಕಾರ್ಡ್ ಮಾಡಿ. ಒಡೆದ ಧ್ವನಿಯನ್ನು ಆಮೇಲೆ ಸರಿಮಾಡುವುದು ಕಷ್ಟ. ಕೊನೆಯಲ್ಲಿ ಯಾರೂ ಮಾತಾಡದೆ ಅರ್ಧ ನಿಮಿಷ ಕೋಣೆಯ ಮೌನವನ್ನೂ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮಾತುಗಳ ನಡುವೆ ಖಾಲಿ ಜಾಗ ಸೇರಿಸುವಾಗ ಅದೇ ಬೇಕಾಗುವುದು. ಪೂರ್ತಿ ನಿಶ್ಶಬ್ದ ಹಾಕಿದರೆ ಪ್ರತಿ ತಡೆಯಲ್ಲೂ ಧ್ವನಿ ಕಡಿದು ಬಿದ್ದಂತೆ ಕೇಳಿಸುತ್ತದೆ.

ಬೇರೆಯವರಿಂದ ಧ್ವನಿ ಕೊಡಿಸುವುದಾದರೆ, ಸ್ನೇಹಿತರೇ ಆಗಿರಲಿ, ಒಂದು ಪುಟದ ಒಪ್ಪಂದಕ್ಕೆ ಮೊದಲೇ ಸಹಿ ಹಾಕಿಸಿ. ಎಲ್ಲೆಲ್ಲಿ ಬಳಸಬಹುದು, ಎಷ್ಟು ಕಾಲ, ಪಾತ್ರದ ಚಿತ್ರವಿರುವ ಸಾಮಾನುಗಳನ್ನು ಮಾರಿದರೆ ಪಾಲು ಇದೆಯೋ ಇಲ್ಲವೋ, ಅವರ ಧ್ವನಿಯನ್ನು ಯಂತ್ರದಲ್ಲಿ ನಕಲು ಮಾಡಲು ಅನುಮತಿ ಇದೆಯೋ ಇಲ್ಲವೋ, ಈ ನಾಲ್ಕೂ ಅದರಲ್ಲಿ ಇರಬೇಕು. ವಿಡಿಯೊ ಯಶಸ್ವಿಯಾದ ಮೇಲೆ ಈ ಮಾತುಕತೆಗೆ ಕೂರುವುದು ಇಬ್ಬರಿಗೂ ಮುಜುಗರ.

ಮುಂದಿನದು ಅನಿಮ್ಯಾಟಿಕ್. ಇಡೀ ದಾರಿಯಲ್ಲಿ ಒಂದೇ ಹಂತದ ಬಗ್ಗೆ ಒತ್ತಿ ಹೇಳು ಅಂದರೆ ನಾನು ಹೇಳುವುದು ಇದನ್ನೇ. ಕಡ್ಡಿ ಗೊಂಬೆಗಳಂಥ ಕಚ್ಚಾ ಚಿತ್ರಗಳನ್ನು ಧ್ವನಿಯ ಮೇಲೆ ಜೋಡಿಸಿ ಇಡೀ ವಿಡಿಯೊವನ್ನು ಒಮ್ಮೆ ಓಡಿಸುವುದು. ಜೋಕ್ ಇಲ್ಲಿ ನಗಿಸದಿದ್ದರೆ ಬಣ್ಣ ಹಚ್ಚಿದ ಮೇಲೂ ನಗಿಸುವುದಿಲ್ಲ.

ಒಂದು ಗ್ಯಾಗ್ (ದೃಶ್ಯದಲ್ಲೇ ನಗಿಸುವ ಜೋಕ್) ಅನ್ನು ಬಿಡಿ ಬಿಡಿಯಾಗಿ ನೋಡೋಣ. ಒಬ್ಬ ಬಾಗಿಲು ತೆಗೆಯುತ್ತಾನೆ, ಹಿಂದೆ ಇನ್ನೊಂದು ಬಾಗಿಲು. ಅದನ್ನೂ ತೆಗೆಯುತ್ತಾನೆ, ಮತ್ತೊಂದು. ಮೊದಲ ಬಾಗಿಲು ತೆರೆಯಲು 20 ಫ್ರೇಮ್, ಆಮೇಲೆ 12 ಫ್ರೇಮ್ ತಡೆ. ಹೊಸ ಚಿತ್ರವನ್ನು ಕಣ್ಣು ಓದಿಕೊಳ್ಳಲು ಅಷ್ಟು ಬೇಕು. ಎರಡನೆಯದು 14 ಫ್ರೇಮ್, ತಡೆ 8. ಇಷ್ಟರಲ್ಲಿ ನೋಡುವವರಿಗೆ ಲಯ ಸಿಕ್ಕಿರುತ್ತದೆ. ಮೂರನೆಯದು 8 ಫ್ರೇಮ್, ತಡೆಯೇ ಇಲ್ಲ. ನಾಲ್ಕನೆಯದಕ್ಕೆ ಕೈ ಚಾಚಿದವನು ಅಲ್ಲೇ ನಿಲ್ಲುತ್ತಾನೆ. ಈಗ 22 ಫ್ರೇಮ್ ಏನೂ ಆಗುವುದಿಲ್ಲ, ಒಂದು ಸಲ ಕಣ್ಣು ಮಿಟುಕಿಸುವುದು ಬಿಟ್ಟು: ಅರ್ಧ ಮುಚ್ಚಿ 1 ಫ್ರೇಮ್, ಪೂರ್ತಿ ಮುಚ್ಚಿ 2, ಮತ್ತೆ ಅರ್ಧ 1. ಅಷ್ಟರಲ್ಲಿ ಅವನ ಬೆನ್ನ ಹಿಂದೆ, ಅವನು ದಾಟಿ ಬಂದ ಮೊದಲ ಬಾಗಿಲಿನ ಕರೆಗಂಟೆ ಬಾರಿಸುತ್ತದೆ. ಕಣ್ಣುಗುಡ್ಡೆ ಮೊದಲು ಹೊರಳುತ್ತದೆ, ಎರಡು ಫ್ರೇಮ್ ಬಿಟ್ಟು ತಲೆ. ಕಟ್.

ಇದರ ಪ್ರಾಣ ಇರುವುದು ಆ 22ರಲ್ಲಿ. 10 ಫ್ರೇಮ್ ಇಟ್ಟರೆ "ಯಾಕೆ ನಿಂತ?" ಅಂತ ಯೋಚಿಸಲು ನೋಡುವವರಿಗೆ ಸಮಯವೇ ಇರುವುದಿಲ್ಲ. 40 ಇಟ್ಟರೆ ಏನೋ ಬರುತ್ತದೆ ಅಂತ ಕಾದು ಕೂತಿರುತ್ತಾರೆ, ಗಂಟೆಯ ಸದ್ದು ಸಪ್ಪೆಯಾಗುತ್ತದೆ. ಅನಿಮ್ಯಾಟಿಕ್‌ನಲ್ಲಿ ಈ ತಡೆಯನ್ನು ಹಿಗ್ಗಿಸಲು ಚಿತ್ರದ ಅಂಚು ಹಿಡಿದು ಎಳೆದರೆ ಸಾಕು. ಪೂರ್ತಿ ಅನಿಮೇಟ್ ಮಾಡಿದ ಮೇಲಾದರೆ ಕೂದಲು, ತೋಳು, ನೆರಳು ಎಲ್ಲದರ ನಡುವಿನ ಚಿತ್ರಗಳನ್ನೂ ಮತ್ತೆ ಬಿಡಿಸಬೇಕು, ಸದ್ದುಗಳನ್ನೆಲ್ಲ ಮತ್ತೆ ಜೋಡಿಸಬೇಕು.

ಅನಿಮ್ಯಾಟಿಕ್ ಅನ್ನು ಕತೆ ಗೊತ್ತಿಲ್ಲದ ಇಬ್ಬರು ಮೂವರಿಗೆ ತೋರಿಸಿ. ಮುನ್ನುಡಿ ಬೇಡ, ವಿವರಣೆ ಬೇಡ. ಪರದೆ ಬಿಟ್ಟು ಅವರ ಮುಖ ನೋಡಿ. ನಗು ತಡವಾಗಿ ಬಂದರೆ ಚಿತ್ರ ಸ್ಪಷ್ಟವಾಗಿಲ್ಲ ಅಂತ ಅರ್ಥ: ಕೈಯಲ್ಲಿರುವ ವಸ್ತು ಹಿನ್ನೆಲೆಯ ಬಣ್ಣದಲ್ಲಿ ಕಳೆದುಹೋಗಿರಬಹುದು, ಅಥವಾ ನೋಡಬೇಕಾದ್ದು ಪರದೆಯ ಬಲಕ್ಕಿದ್ದರೆ ಹಿಂದಿನ ಶಾಟ್ ಕಣ್ಣನ್ನು ಎಡಕ್ಕೆ ಒಯ್ದಿರಬಹುದು. ನಗು ಬಾರದೇ ಇದ್ದರೆ ಆ ಜಾಗ ಕತ್ತರಿಸಿ. ಒಬ್ಬರು ಒಂದು ಸಲ ಮಾತ್ರ ಉಪಯೋಗಕ್ಕೆ ಬರುತ್ತಾರೆ. ಎರಡನೇ ಸಲ ನೋಡುವಾಗ ಜೋಕ್ ಅವರಿಗೆ ಗೊತ್ತಿರುತ್ತದೆ. ಆದ್ದರಿಂದ ಎಲ್ಲರಿಗೂ ಒಟ್ಟಿಗೇ ತೋರಿಸಿ ಮುಗಿಸಿಬಿಡಬೇಡಿ.

ಯಾವ ಸಾಫ್ಟ್‌ವೇರ್ ಅಂತ ಬಹಳ ಜನ ಕೇಳುತ್ತಾರೆ. ಆನ್‌ಲೈನ್ ಕಾರ್ಟೂನ್ ಲೋಕ ಬೆಳೆದದ್ದೇ ಫ್ಲ್ಯಾಶ್ ಮೇಲೆ. 1996ರಲ್ಲಿ ಫ್ಯೂಚರ್‌ಸ್ಪ್ಲ್ಯಾಶ್ ಆಗಿ ಶುರುವಾದ ಅದು ಮ್ಯಾಕ್ರೊಮೀಡಿಯಾ ಕೈಗೆ ಬಂತು, 2005ರಲ್ಲಿ ಅಡೋಬಿ ಆ ಕಂಪನಿಯನ್ನೇ ಕೊಂಡಿತು. ಟಾಮ್ ಫಲ್ಪ್ 1995ರಲ್ಲಿ ಶುರುಮಾಡಿದ ನ್ಯೂಗ್ರೌಂಡ್ಸ್‌ನಂಥ ತಾಣಗಳಲ್ಲಿ ಒಂದು ತಲೆಮಾರೇ ಕೈ ಪಳಗಿಸಿಕೊಂಡಿತು. 2020ರ ಡಿಸೆಂಬರ್ 31ಕ್ಕೆ ಆ ಕಾರ್ಟೂನ್‌ಗಳನ್ನು ಬ್ರೌಸರ್‌ನಲ್ಲಿ ಓಡಿಸುವ ಫ್ಲ್ಯಾಶ್ ಪ್ಲೇಯರ್‌ಗೆ ಬೆಂಬಲ ನಿಂತಿತು, 2021ರ ಜನವರಿ 12ರಿಂದ ಅದರಲ್ಲಿ ಏನೂ ಓಡದಂತಾಯಿತು. ಹಳೆಯ ಕೆಲಸಗಳಲ್ಲಿ ಬಹಳಷ್ಟನ್ನು ಇವತ್ತು ನೋಡಲಾಗುವುದು ಆ ಪ್ಲೇಯರ್‌ನಂತೆಯೇ ವರ್ತಿಸುವ ರಫಲ್ ಎಂಬ ಎಮ್ಯುಲೇಟರ್‌ನಿಂದ. ಈಗ ಆಯ್ಕೆಗೆ ಬರವಿಲ್ಲ. 2016ರಲ್ಲಿ ಮುಕ್ತ ತಂತ್ರಾಂಶವಾದ ಓಪನ್‌ಟೂನ್ಜ್, ಬ್ಲೆಂಡರ್‌ನೊಳಗಿನ ಗ್ರೀಸ್ ಪೆನ್ಸಿಲ್, ಕೃತಾ, ಈ ಮೂರಕ್ಕೂ ದುಡ್ಡು ಕೊಡಬೇಕಾಗಿಲ್ಲ. ಟೂನ್ ಬೂಮ್ ಹಾರ್ಮನಿ, ಮೊಹೊ, ಅಡೋಬಿ ಅನಿಮೇಟ್ ದುಡ್ಡಿನವು. ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಚಂದಾ ನಿಲ್ಲಿಸಿದ ದಿನ ನನ್ನ ಫೈಲ್ ತೆರೆಯುತ್ತದೆಯೇ?

ಫ್ರೇಮ್ ಬೈ ಫ್ರೇಮ್ ಬಿಡಿಸಬೇಕೋ, ರಿಗ್ ಮಾಡಿದ (ಕೈಕಾಲು, ಮುಖದ ಭಾಗಗಳನ್ನು ಬೇರೆ ಬೇರೆಯಾಗಿ ಅಲುಗಾಡುವಂತೆ ಜೋಡಿಸಿದ) ಗೊಂಬೆಯನ್ನು ಆಡಿಸಬೇಕೋ ಅನ್ನುವುದರಲ್ಲಿ ಪಂಥ ಕಟ್ಟಿಕೊಳ್ಳುವ ಅಗತ್ಯವಿಲ್ಲ. ಮತ್ತೆ ಮತ್ತೆ ಬರುವ ಪಾತ್ರಕ್ಕೆ ರಿಗ್, ನಗು ಉಕ್ಕಬೇಕಾದ ಜಾಗಕ್ಕೆ ಕೈಯಿಂದ ಬಿಡಿಸಿದ ಚಿತ್ರ. ಒಂದು ಪಾತ್ರಕ್ಕೆ ತಲೆಯ ಮೂರು ಕೋನ (ಎದುರು, ಮುಕ್ಕಾಲು, ಪಕ್ಕ), ಐದಾರು ಕೈ ಭಂಗಿ, ಬೇರೆಯಾಗಿ ಚಲಿಸುವ ಹುಬ್ಬು, ಮತ್ತು ಬಾಯಿಯ ಆಕಾರಗಳ ಒಂದು ಸೆಟ್ ಇದ್ದರೆ ಬಹುಪಾಲು ಸಂಭಾಷಣೆ ನಡೆದುಹೋಗುತ್ತದೆ. ಬಾಯಿಗಳನ್ನು ಧ್ವನಿಗೆ ತಾನೇ ಹೊಂದಿಸುವ ರೂಬಾರ್ಬ್ ಲಿಪ್ ಸಿಂಕ್ ಎಂಬ ಉಚಿತ ಉಪಕರಣವಿದೆ. ಅದು ಆರು ಮೂಲ ಆಕಾರಗಳು ಮತ್ತು ಬೇಕಿದ್ದರೆ ಇನ್ನು ಮೂರರೊಂದಿಗೆ ಕೆಲಸ ಮಾಡುತ್ತದೆ. ಇಂಗ್ಲಿಷ್ ಅಲ್ಲದ ಧ್ವನಿಗೆ ಅದರ 'ಫೊನೆಟಿಕ್' ಆಯ್ಕೆಯನ್ನೇ ಹಾಕಬೇಕು, ಇಲ್ಲದಿದ್ದರೆ ಇಂಗ್ಲಿಷ್ ಪದಗಳನ್ನು ಹುಡುಕುತ್ತಾ ಬಾಯಿಯನ್ನು ಎಲ್ಲೆಲ್ಲೋ ತೆರೆಸುತ್ತದೆ. ಆಮೇಲೆ ಕೈಯಿಂದ ತಿದ್ದುವಾಗ ಎರಡು ನಿಯಮ ಸಾಕು. ಪ, ಬ, ಮ ಬಂದಲ್ಲಿ ಬಾಯಿ ಮುಚ್ಚಲೇಬೇಕು, ಕನಿಷ್ಠ ಎರಡು ಫ್ರೇಮ್. ಇಡೀ ಬಾಯಿ ಪದರವನ್ನು ಧ್ವನಿಗಿಂತ ಒಂದೆರಡು ಫ್ರೇಮ್ ಮೊದಲೇ ಬರುವಂತೆ ಸರಿಸಿ, ಕಣ್ಣಿಗೆ ಆಗ ಅದು ಸರಿಯಾಗಿ ಕೂತಂತೆ ಕಾಣುತ್ತದೆ.

ಒಂದು ತಾಂತ್ರಿಕ ತೊಡಕು ಬಹಳ ಜನರ ನಿದ್ದೆ ಕೆಡಿಸುತ್ತದೆ. ವಿಡಿಯೊದ ಮೊದಲ ಭಾಗದಲ್ಲಿ ತುಟಿ ಸರಿಯಿರುತ್ತದೆ, ಕೊನೆಗೆ ಬರುವಷ್ಟರಲ್ಲಿ ಜಾರಿರುತ್ತದೆ. ಅನಿಮೇಷನ್ ಪ್ರಾಜೆಕ್ಟ್ 24 ಫ್ರೇಮ್‌ನಲ್ಲಿದ್ದು ಎಡಿಟಿಂಗ್ ಪ್ರಾಜೆಕ್ಟ್ 23.976ರಲ್ಲಿದ್ದರೆ ಹೀಗಾಗಬಹುದು. ಅಂತರ ಸಾವಿರಕ್ಕೆ ಒಂದು, ಆದರೆ 180 ಸೆಕೆಂಡಿನಲ್ಲಿ ಅದು ನಾಲ್ಕು ಫ್ರೇಮ್ ದಾಟುತ್ತದೆ. ಹಾಸ್ಯದಲ್ಲಿ ನಾಲ್ಕು ಫ್ರೇಮ್ ಅಂದರೆ ಜೋಕ್‌ನ ಒಂದು ಏಟು ತಪ್ಪಿದಂತೆ. ಮೊದಲ ದಿನವೇ ಎರಡೂ ಕಡೆ 24 ಅಂತ ನಿಗದಿ ಮಾಡಿ. ಧ್ವನಿಗೆ ಎಂಪಿ3 ಬಳಸಬೇಡಿ, ಆ ಸ್ವರೂಪ ಫೈಲ್‌ನ ಆರಂಭದಲ್ಲಿ ತಾನಾಗಿ ಸಣ್ಣ ಖಾಲಿ ಜಾಗ ಸೇರಿಸುತ್ತದೆ.

ಸದ್ದುಗಳ ಕೆಲಸಕ್ಕೆ ಕೊನೆಯಲ್ಲಿ ಸಮಯವೇ ಉಳಿಯುವುದಿಲ್ಲ, ಆದರೆ ಅರ್ಧ ನಗು ಅಲ್ಲೇ ಇದೆ. ಪ್ರತಿಯೊಂದು ಚಲನೆಗೂ ಸದ್ದು ಹಾಕಿದರೆ ಯಾವುದೂ ಕೇಳಿಸುವುದಿಲ್ಲ. ಏಟು ಬೀಳುವ ಮುನ್ನ ಹಿನ್ನೆಲೆ ಸಂಗೀತವನ್ನು ಆರೆಂಟು ಫ್ರೇಮ್ ಪೂರ್ತಿ ನಿಲ್ಲಿಸಿ ನೋಡಿ, ಸಣ್ಣ ಟಿಕ್ ಸದ್ದೂ ದೊಡ್ಡದಾಗುತ್ತದೆ. ಒಟ್ಟು ಮಿಶ್ರಣ ಮೈನಸ್ 14 ಎಲ್‌ಯುಎಫ್‌ಎಸ್ (ಒಟ್ಟಾರೆ ಜೋರನ್ನು ಅಳೆಯುವ ಮಾನ) ಆಸುಪಾಸಿನಲ್ಲಿರಲಿ. ಅದಕ್ಕಿಂತ ಜೋರಿದ್ದರೆ ಯೂಟ್ಯೂಬ್ ತಾನೇ ತಗ್ಗಿಸುತ್ತದೆ, ಆದ್ದರಿಂದ ಜೋರು ಮಾಡಿ ಗಳಿಸುವುದೇನೂ ಇಲ್ಲ. ಚಿತ್ರದ ಮಟ್ಟಿಗೆ, ಸಾಮಾನ್ಯ ವಿಡಿಯೊ ಸಂಕುಚನದಲ್ಲಿ ಬಣ್ಣದ ಮಾಹಿತಿ ಹೊಳಪಿನ ಮಾಹಿತಿಯ ಕಾಲು ಭಾಗದಷ್ಟು ಮಾತ್ರ ಉಳಿಯುತ್ತದೆ. ನೀಲಿಯ ಮೇಲೆ ತೆಳು ಕೆಂಪು ಗೆರೆ ಎಳೆದರೆ ಅದು ಕಲಸಿಹೋಗುವುದು ಇದಕ್ಕೇ. ಗೆರೆ ಮತ್ತು ಹಿನ್ನೆಲೆಯ ನಡುವೆ ಬಣ್ಣದ ವ್ಯತ್ಯಾಸವಷ್ಟೇ ಸಾಲದು, ಹೊಳಪಿನ ವ್ಯತ್ಯಾಸವೂ ಬೇಕು. ಸಾಧ್ಯವಾದರೆ 1440 ಅಥವಾ 2160 ಪಿಕ್ಸೆಲ್ ಎತ್ತರದ ಗಾತ್ರದಲ್ಲಿ ಹಾಕಿ, ಆ ಗಾತ್ರಗಳಿಗೆ ಹೆಚ್ಚು ಬಿಟ್‌ರೇಟ್ (ಸೆಕೆಂಡಿಗೆ ಉಳಿಸುವ ಮಾಹಿತಿ) ಸಿಗುತ್ತದೆ.

ಅಪ್‌ಲೋಡ್ ಮಾಡುವ ದಿನ ನೇರವಾಗಿ ಪ್ರಕಟಿಸಬೇಡಿ. ಮೊದಲು ಖಾಸಗಿಯಾಗಿ ಹಾಕಿ ಹಕ್ಕುಸ್ವಾಮ್ಯದ ತಪಾಸಣೆ ಮುಗಿಯಲು ಬಿಡಿ. ಥಂಬ್‌ನೇಲ್ (ವಿಡಿಯೊ ಪಟ್ಟಿಯಲ್ಲಿ ಕಾಣುವ ಚಿಕ್ಕ ಚಿತ್ರ) 1280×720 ಪಿಕ್ಸೆಲ್. ಅದರ ಕೆಳಗಿನ ಬಲಮೂಲೆಯಲ್ಲಿ ವಿಡಿಯೊದ ಅವಧಿ ಕೂರುತ್ತದೆ, ಮುಖವನ್ನೋ ಅಕ್ಷರವನ್ನೋ ಅಲ್ಲಿ ಇಡಬೇಡಿ. ಫೋನ್ ಪರದೆಯಲ್ಲಿ ಹೆಬ್ಬೆರಳಿನ ಗಾತ್ರಕ್ಕೆ ಕುಗ್ಗಿಸಿದಾಗಲೂ ಭಾವ ಓದಲು ಬರಬೇಕು.

ಆಮೇಲೆ ಬರುತ್ತದೆ, ಅನಿಮೇಷನ್ ಮಾಡುವವರು ಉಸಿರು ಬಿಗಿಹಿಡಿದು ಉತ್ತರಿಸುವ ಪ್ರಶ್ನೆ: ಇದು ಮಕ್ಕಳಿಗಾಗಿ ಮಾಡಿದ್ದೇ? 2019ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ (ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ) ಜೊತೆಗಿನ ಯೂಟ್ಯೂಬ್‌ನ ಮಕ್ಕಳ ಖಾಸಗಿತನದ ಪ್ರಕರಣ 17 ಕೋಟಿ ಡಾಲರ್‌ಗೆ ಇತ್ಯರ್ಥವಾದ ಮೇಲೆ, 2020ರ ಜನವರಿಯಿಂದ ಇದನ್ನು ಪ್ರತಿ ವಿಡಿಯೊಗೂ ಹೇಳಲೇಬೇಕು. "ಹೌದು" ಅಂದರೆ ಕಾಮೆಂಟ್ ಬಂದ್, ನೋಡುವವರ ಆಸಕ್ತಿಗೆ ತಕ್ಕ ಜಾಹೀರಾತು ಬಂದ್, ನಿಮ್ಮ ಬೇರೆ ವಿಡಿಯೊಗಳ ಕಡೆ ಕರೆಯುವ ಕಾರ್ಡ್ ಮತ್ತು ಎಂಡ್ ಸ್ಕ್ರೀನ್ ಬಂದ್. ಆದಾಯ ಗಣನೀಯವಾಗಿ ಕುಸಿಯುತ್ತದೆ. ಕಾರ್ಟೂನ್ ಅನ್ನುವ ಒಂದೇ ಕಾರಣಕ್ಕೆ ಅದು ಮಕ್ಕಳದ್ದಾಗುವುದಿಲ್ಲ. ವಿಷಯ, ಭಾಷೆ, ಯಾರನ್ನು ಉದ್ದೇಶಿಸಿದ್ದು ಅನ್ನುವುದು ಮುಖ್ಯ. ದೊಡ್ಡವರಿಗಾಗಿ ಮಾಡಿದ್ದಾದರೆ ಪ್ರತಿ ಸಲ "ಅಲ್ಲ" ಅಂತ ಗುರುತು ಹಾಕಿ, ಮತ್ತು ಥಂಬ್‌ನೇಲ್ ಮಕ್ಕಳ ಹಾಡಿನ ವಿಡಿಯೊದಂತೆ ಕಾಣದಿರಲಿ. ವ್ಯವಸ್ಥೆ ತಾನಾಗಿ ಗುರುತು ಬದಲಿಸಿದರೆ ಮೇಲ್ಮನವಿ ಸಲ್ಲಿಸಬಹುದು. ಸುಳ್ಳು ಉತ್ತರ ಮಾತ್ರ ಕೊಡಬೇಡಿ, ಅದರ ಹೊಣೆ ನಿಮ್ಮ ಮೇಲೆಯೇ ಬರುತ್ತದೆ.

ಪ್ರಕಟಿಸಿದ ಮೇಲಿನ ಮೊದಲ ಎರಡು ದಿನ ಎಲ್ಲಕ್ಕಿಂತ ಕಷ್ಟ. ತಿಂಗಳುಗಟ್ಟಲೆ ಬಿಡಿಸಿದ್ದನ್ನು ಜನ ನಿಮಿಷಗಳಲ್ಲಿ ನೋಡಿ ಮುಂದೆ ಹೋಗುತ್ತಾರೆ, ಅಂಕಿ ಏರುವುದೇ ಇಲ್ಲ ಅನಿಸುತ್ತದೆ. ಎದೆ ಭಾರವಾಗುವುದು ಸಹಜ. ಆ ಹೊತ್ತಿನಲ್ಲಿ ಒಟ್ಟು ವೀಕ್ಷಣೆ ನೋಡುತ್ತಾ ಕೂರುವುದಕ್ಕಿಂತ ಪ್ರೇಕ್ಷಕರು ಎಲ್ಲಿ ಬಿಟ್ಟು ಹೋದರು ಅನ್ನುವ ಗೆರೆ ತೆರೆಯಿರಿ. ಶುರುವಿನ ಕೆಲವೇ ಸೆಕೆಂಡಿನಲ್ಲಿ ಕಡಿದಾಗಿ ಇಳಿದಿದ್ದರೆ ಹೆಸರಿನ ಕಾರ್ಡ್ ಅಥವಾ ಪೀಠಿಕೆಯೇ ಕಾರಣ, ಮುಂದಿನ ಸಲ ಜೋಕ್‌ನಿಂದಲೇ ಶುರುಮಾಡಿ. ನಡುವೆ ಒಂದು ಕಡೆ ಗೆರೆ ಸ್ವಲ್ಪ ಮೇಲೆದ್ದಿದ್ದರೆ ಜನ ಹಿಂದಕ್ಕೆ ಎಳೆದು ಮತ್ತೆ ನೋಡಿದ್ದಾರೆ. ಆ ಏಟು ಚೆನ್ನಾಗಿ ಬಿದ್ದಿದೆ, ಇಲ್ಲವೇ ಮಾತು ಸರಿಯಾಗಿ ಕೇಳಿಸಿಲ್ಲ. ಎರಡರಲ್ಲಿ ಯಾವುದು ಅಂತ ಕಾಮೆಂಟ್ ಓದಿದರೆ ತಿಳಿಯುತ್ತದೆ.

ಈ ನಡುವೆ ಎದುರಾಗುವ ಅನಿರೀಕ್ಷಿತ ಅಡ್ಡಿ ಅಂದರೆ ಕಂಟೆಂಟ್ ಐಡಿ ಕ್ಲೇಮ್: ಯೂಟ್ಯೂಬ್‌ನ ತಾನೇ ಹುಡುಕುವ ವ್ಯವಸ್ಥೆ ನಿಮ್ಮ ವಿಡಿಯೊದ ತುಣುಕು ಬೇರೆಯವರದ್ದು ಅಂತ ಗುರುತಿಸುವುದು. ಪರವಾನಗಿ ಪಡೆದು ಹಾಕಿದ ಸಂಗೀತಕ್ಕೂ ಬರುತ್ತದೆ. ಅದೇ ತುಣುಕನ್ನು ಬಳಸಿ ಬೇರೆ ಯಾರೋ ಹಾಡು ಮಾಡಿ ನೋಂದಾಯಿಸಿರುತ್ತಾರೆ, ವ್ಯವಸ್ಥೆಗೆ ಎರಡೂ ಒಂದೇ. ಮೊದಲು ಧೈರ್ಯ ತಂದುಕೊಳ್ಳಿ: ಕ್ಲೇಮ್ ಬೇರೆ, ಸ್ಟ್ರೈಕ್ (ಚಾನೆಲ್ ಮೇಲೆ ಬೀಳುವ ದಂಡದ ಗುರುತು) ಬೇರೆ. ಕ್ಲೇಮ್‌ನಿಂದ ಚಾನೆಲ್‌ಗೆ ಅಪಾಯವಿಲ್ಲ, ಹೋಗುವುದು ಆ ವಿಡಿಯೊದ ಆದಾಯ. 90 ದಿನಗಳ ಒಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು. ಕ್ಲೇಮ್ ತಪ್ಪು ಅಂತ ಖಚಿತವಿದ್ದರೆ ಐದು ದಿನಗಳ ಒಳಗೆ ವಿವಾದ ದಾಖಲಿಸಿ, ಆಗ ಮೊದಲ ದಿನದಿಂದಲೇ ಆದಾಯವನ್ನು ಪಕ್ಕಕ್ಕೆ ತೆಗೆದಿಡುತ್ತಾರೆ. ಉತ್ತರಿಸಲು ಎದುರಿನವರಿಗೆ 30 ದಿನ ಇದೆ, ಸುಮ್ಮನಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ. ಅವರು ನಿರಾಕರಿಸಿದರೆ ಮೇಲ್ಮನವಿ, ಅದಕ್ಕೆ ಉತ್ತರಿಸಲು ಅವರಿಗೆ 7 ದಿನ. ಅಲ್ಲಿ ಅವರು ವಿಡಿಯೊ ತೆಗೆಸುವ ನೋಟಿಸ್ ಕೊಟ್ಟರೆ ಸ್ಟ್ರೈಕ್ ಆಗುತ್ತದೆ, ಹಾಗಾಗಿ ಕಾಗದಪತ್ರ ಗಟ್ಟಿ ಇಲ್ಲದೆ ಅಷ್ಟು ದೂರ ಹೋಗಬೇಡಿ.

ಕಾಗದಪತ್ರ ಅಂದರೆ ಇಷ್ಟು: ಸಂಗೀತ ಇಳಿಸಿಕೊಂಡ ದಿನದ ಪರವಾನಗಿ ಪುಟದ ಪಿಡಿಎಫ್, ರಸೀದಿ, ಟ್ರ್ಯಾಕ್‌ನ ಹೆಸರು. ಪುಟದ ಕೊಂಡಿ ಇಟ್ಟುಕೊಂಡರೆ ಸಾಲದು, ಪುಟ ಮುಂದೆ ಬದಲಾಗಬಹುದು. ಕ್ರಿಯೇಟಿವ್ ಕಾಮನ್ಸ್ ಎಂಬ ಉಚಿತ ಪರವಾನಗಿಯಲ್ಲಿ 'ವಾಣಿಜ್ಯೇತರ' ಅಂತ ಇರುವುದನ್ನು ಜಾಹೀರಾತು ಬರುವ ವಿಡಿಯೊದಲ್ಲಿ ಬಳಸಬೇಡಿ. ಶಾಸ್ತ್ರೀಯ ಸಂಗೀತದಲ್ಲೂ ಎಚ್ಚರ ಬೇಕು. ಬೀಥೊವನ್‌ನ ರಚನೆಗೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ನುಡಿಸಿದ ರೆಕಾರ್ಡಿಂಗ್‌ಗೆ ಇರಬಹುದು.

ಈಗ ದುಡ್ಡಿನ ಬಾಗಿಲು. ಯೂಟ್ಯೂಬ್ ಪಾಲುದಾರಿಕೆಯಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು, ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆ ಸಾರ್ವಜನಿಕ ವೀಕ್ಷಣೆ ಅಥವಾ 90 ದಿನಗಳಲ್ಲಿ 1 ಕೋಟಿ ಶಾರ್ಟ್ಸ್ (ಯೂಟ್ಯೂಬ್‌ನ ಚಿಕ್ಕ ಲಂಬ ವಿಡಿಯೊ) ವೀಕ್ಷಣೆ ಬೇಕು. 4,000 ಗಂಟೆ ಅಂದರೆ 2,40,000 ನಿಮಿಷ. ಮೂರು ನಿಮಿಷದ ವಿಡಿಯೊವನ್ನು ಸರಾಸರಿ 100 ಸೆಕೆಂಡ್ ನೋಡಿದರು ಅಂತ ಇಟ್ಟುಕೊಂಡರೆ 1,44,000 ವೀಕ್ಷಣೆ. ಇದೇ ಜಾಗದಲ್ಲಿ ಅನಿಮೇಷನ್ ಮಾಡುವವರು ಬೇರೆಯವರಿಗಿಂತ ಹಿಂದೆ ಬೀಳುತ್ತಾರೆ. 2012ರಲ್ಲಿ ಯೂಟ್ಯೂಬ್ ತನ್ನ ಶಿಫಾರಸನ್ನು ವೀಕ್ಷಣೆಯ ಎಣಿಕೆಯಿಂದ ನೋಡಿದ ಸಮಯದ ಕಡೆಗೆ ತಿರುಗಿಸಿದಾಗಿನಿಂದ ಉದ್ದದ, ಪದೇ ಪದೇ ಬರುವ ವಿಡಿಯೊಗೆ ಬೆಲೆ ಹೆಚ್ಚಾಯಿತು. ತಿಂಗಳಿಗೆ ಮೂರು ನಿಮಿಷ ಬಿಡಿಸುವವರಿಗೆ ಅದು ದೊಡ್ಡ ಪೆಟ್ಟು. ಆಗ ಎಷ್ಟೋ ಜನ ಗೇಮ್ ಆಡುತ್ತಾ ಮಾತಾಡುವ ವಿಡಿಯೊಗಳ ಕಡೆ ಹೊರಳಿದ್ದು ಸುಮ್ಮನೆ ಅಲ್ಲ.

ಶಾರ್ಟ್ಸ್ ಫೀಡ್‌ನಲ್ಲಿ ನೋಡಿದ ಸಮಯ ಆ 4,000 ಗಂಟೆಗೆ ಸೇರುವುದಿಲ್ಲ, ಇದನ್ನು ಮರೆಯಬೇಡಿ. ಅಳಿಸಿದ ಅಥವಾ ಖಾಸಗಿ ಮಾಡಿದ ವಿಡಿಯೊದ ಗಂಟೆಗಳೂ ಲೆಕ್ಕದಿಂದ ಹೋಗುತ್ತವೆ, ಹಾಗಾಗಿ ಹಳೆಯ ಕಚ್ಚಾ ಕೆಲಸ ನೋಡಿ ನಾಚಿಕೆಯಾಯಿತು ಅಂತ ಮುಚ್ಚಿಡಬೇಡಿ. 2023ರಿಂದ ಕೆಳಗಿನ ಮೆಟ್ಟಿಲೊಂದಿದೆ: 500 ಚಂದಾದಾರರು, 90 ದಿನಗಳಲ್ಲಿ ಮೂರು ಅಪ್‌ಲೋಡ್, ಮತ್ತು 3,000 ಗಂಟೆ ಅಥವಾ 30 ಲಕ್ಷ ಶಾರ್ಟ್ಸ್ ವೀಕ್ಷಣೆ. ಇದರಲ್ಲಿ ಜಾಹೀರಾತಿನ ಪಾಲು ಇಲ್ಲ, ಆದರೆ ಸದಸ್ಯತ್ವ, ಸೂಪರ್ ಥ್ಯಾಂಕ್ಸ್‌ನಂಥ ನೇರ ಬೆಂಬಲ ಪಡೆಯಬಹುದು. ಈ ಸವಲತ್ತುಗಳು ಎಲ್ಲ ದೇಶಗಳಲ್ಲೂ ಇಲ್ಲ, ನಿಮ್ಮಲ್ಲಿ ಇದೆಯೇ ನೋಡಿಕೊಳ್ಳಿ.

ಅರ್ಜಿ ಹಾಕುವ ಮುನ್ನ ಎರಡು ಹಂತದ ದೃಢೀಕರಣ ಚಾಲೂ ಇರಬೇಕು, ಸಮುದಾಯ ನಿಯಮಗಳ ಸ್ಟ್ರೈಕ್ ಜಾರಿಯಲ್ಲಿರಬಾರದು. ಪರಿಶೀಲನೆಗೆ ಸುಮಾರು ಒಂದು ತಿಂಗಳು ಅನ್ನುತ್ತಾರೆ. ಕೈಯಲ್ಲಿ ಮಾಡುವಂಥದ್ದು ಏನೂ ಇಲ್ಲದ ಕಾಯುವಿಕೆ ಇದು. ಒಂದೇ ರಿಗ್, ಒಂದೇ ಹಿನ್ನೆಲೆ, ಅಚ್ಚು ಒತ್ತಿದಂಥ ವಿಡಿಯೊಗಳೇ ತುಂಬಿದ್ದರೆ 'ಸ್ವಂತಿಕೆಯಿಲ್ಲದ ವಿಷಯ' ಅಂತ ತಿರಸ್ಕಾರವಾಗಬಹುದು. ಪರಿಶೀಲನೆಗೆ ಕೂತ ಮನುಷ್ಯರು ನೋಡುವುದು ಚಾನೆಲ್‌ನ ಮುಖ್ಯ ವಿಷಯ, ಹೆಚ್ಚು ವೀಕ್ಷಣೆಯ ವಿಡಿಯೊಗಳು, ಹೊಸ ವಿಡಿಯೊಗಳು, ಶೀರ್ಷಿಕೆ ಮತ್ತು 'ಚಾನೆಲ್ ಬಗ್ಗೆ' ಭಾಗ. ಆ ಭಾಗದಲ್ಲಿ ಬರೆದದ್ದು, ಬಿಡಿಸಿದ್ದು, ಧ್ವನಿ ಕೊಟ್ಟದ್ದು ಯಾರು ಅಂತ ನಾಲ್ಕು ಸಾಲು ಬರೆದಿಡಿ. ಕಚ್ಚಾ ಚಿತ್ರದಿಂದ ಪೂರ್ಣ ಚಿತ್ರದವರೆಗೆ ತೋರಿಸುವ ಒಂದು ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು. ಮೊದಲ ಸಲ ತಿರಸ್ಕಾರವಾದರೆ 30 ದಿನ ಬಿಟ್ಟು ಮತ್ತೆ ಅರ್ಜಿ ಹಾಕಬಹುದು.

ಒಪ್ಪಿಗೆ ಸಿಕ್ಕಿತು ಅಂದಾಕ್ಷಣ ಹಣ ಬರುವುದಿಲ್ಲ. ಆ್ಯಡ್‌ಸೆನ್ಸ್ ಖಾತೆಯಲ್ಲಿ (ಗೂಗಲ್ ಜಾಹೀರಾತಿನ ಹಣ ಲೆಕ್ಕವಿಡುವ ಖಾತೆ) ಡಾಲರ್ ಲೆಕ್ಕದಲ್ಲಿ 10 ಆದಾಗ ವಿಳಾಸ ಪರಿಶೀಲನೆಗೆ ಪಿನ್ ಇರುವ ಕಾಗದ ಅಂಚೆಯಲ್ಲಿ ಹೊರಡುತ್ತದೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಅಂಚೆಯವರಿಗೆ ಸಿಗುವ ರೀತಿಯಲ್ಲಿ, ಮನೆ ಸಂಖ್ಯೆ ಸಮೇತ ವಿಳಾಸ ಕೊಡಿ. ನಾಲ್ಕು ತಿಂಗಳಲ್ಲಿ ಪಿನ್ ಹಾಕದಿದ್ದರೆ ಜಾಹೀರಾತು ನಿಲ್ಲುತ್ತದೆ. ಆಮೇಲೆ ಅಮೆರಿಕದ ತೆರಿಗೆ ಫಾರ್ಮ್. ಅಮೆರಿಕದವರಲ್ಲದ ವ್ಯಕ್ತಿಗಳಿಗೆ ಡಬ್ಲ್ಯು-8ಬೆನ್. ಅದನ್ನು ಕೊಡದಿದ್ದರೆ ಇಡೀ ಜಗತ್ತಿನಿಂದ ಬಂದ ಗಳಿಕೆಯ ಮೇಲೆ ಶೇ. 24ರವರೆಗೆ ಕಡಿತವಾಗಬಹುದು. ಕೊಟ್ಟರೆ ಅಮೆರಿಕದ ವೀಕ್ಷಕರಿಂದ ಬಂದ ಭಾಗಕ್ಕೆ ಮಾತ್ರ ಕಡಿತ, ತೆರಿಗೆ ಒಪ್ಪಂದವಿಲ್ಲದ ದೇಶದವರಿಗೆ ಅದು ಶೇ. 30. ಫಾರ್ಮ್, ಗುರುತಿನ ಚೀಟಿ, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು ಅಕ್ಷರಶಃ ಒಂದೇ ಇರಲಿ. ಇನಿಷಿಯಲ್ ಹಿಂದೆ ಮುಂದೆ ಆದರೂ ತಡೆ ಬೀಳಬಹುದು. ಫಾರ್ಮ್ ಸಹಿ ಮಾಡಿದ ವರ್ಷದ ನಂತರದ ಮೂರನೇ ವರ್ಷದ ಕೊನೆಗೆ ಮುಗಿಯುತ್ತದೆ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ. ಹಣ ಹೊರಡುವುದು 100 ಡಾಲರ್ ಮುಟ್ಟಿದ ಮೇಲೆ, ಮುಂದಿನ ತಿಂಗಳ 21ರಿಂದ 26ರ ನಡುವೆ. ಕೆಲವು ಕರೆನ್ಸಿಗಳಿಗೆ ಮಿತಿ ಬೇರೆ ಇರುತ್ತದೆ.

ಪಾಲಿನ ಲೆಕ್ಕ ಹೀಗೆ: ಉದ್ದದ ವಿಡಿಯೊದಲ್ಲಿ ಜಾಹೀರಾತಿನ ಶೇ. 55 ನಿಮ್ಮದು, ಶಾರ್ಟ್ಸ್‌ನಲ್ಲಿ ಶೇ. 45. ಶಾರ್ಟ್ಸ್‌ನಲ್ಲಿ ಒಂದು ಪರವಾನಗಿ ಹಾಡು ಬಳಸಿದರೆ ಆ ವೀಕ್ಷಣೆಗಳ ಹಣದಲ್ಲಿ ಅರ್ಧ ಸಂಗೀತದ ಕಡೆಗೆ ಹೋಗಿ, ಉಳಿದರ್ಧ ಮಾತ್ರ ಪಾಲು ಹಂಚಿಕೆಗೆ ಬರುತ್ತದೆ. ವರ್ಷದ ಕೊನೆಯಲ್ಲಿ ಜಾಹೀರಾತಿನ ದರ ಏರಿ ಜನವರಿಯಲ್ಲಿ ಬೀಳುವುದು ರೂಢಿ. ಡಿಸೆಂಬರ್ ನೋಡಿ ಕೆಲಸ ಬಿಡುವ ತೀರ್ಮಾನ ಮಾಡಬೇಡಿ. ತಿಂಗಳಿಗೆ ಕೆಲವೇ ನಿಮಿಷ ಬಿಡಿಸುವವರು ಬರೀ ಜಾಹೀರಾತಿನ ಮೇಲೆ ನಿಲ್ಲಲಾಗದು, ಇದು ನನ್ನ ಖಚಿತ ಅಭಿಪ್ರಾಯ. ಪೇಟ್ರಿಯಾನ್‌ನಂಥ ಮಾಸಿಕ ಬೆಂಬಲ, ಪ್ರಾಯೋಜಕರು, ಬೇರೆಯವರಿಗೆ ಮಾಡಿಕೊಡುವ ಕೆಲಸ, ಮೂರೂ ಬೇಕು. ಬೆಂಬಲಿಗರಿಗೆ ಈಗಾಗಲೇ ಕೈಯಲ್ಲಿರುವುದನ್ನೇ ಕೊಡಿ: ಅನಿಮ್ಯಾಟಿಕ್, ಕರಡು ಚಿತ್ರ, ಕತ್ತರಿಸಿದ ದೃಶ್ಯ. ಹೊಸ ಅನಿಮೇಷನ್ ಮಾಡಿಕೊಡುತ್ತೇನೆ ಅಂತ ಮಾತು ಕೊಟ್ಟರೆ ಎರಡು ಕೆಲಸ ಹೊತ್ತಂತೆ.

ಪ್ರಾಯೋಜಕರ ಒಪ್ಪಂದದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ತಿದ್ದುಪಡಿಯದು. ಸ್ಕ್ರಿಪ್ಟ್‌ಗೆ ಎರಡು ಸುತ್ತು, ಅನಿಮ್ಯಾಟಿಕ್‌ಗೆ ಒಂದು ಸುತ್ತು, ಆಮೇಲಿನ ಪ್ರತಿ ಬದಲಾವಣೆಗೂ ಬೇರೆ ಶುಲ್ಕ, ಹೀಗೆ ಬರೆಯಿಸಿ. ಕ್ಯಾಮೆರಾದ ವಿಡಿಯೊಗೆ ಒಗ್ಗಿಕೊಂಡವರಿಗೆ "ಆ ಅಂಗಿಯ ಬಣ್ಣ ಬದಲಿಸಿ, ಅವನು ಎಡಗಡೆಯಿಂದ ಬರಲಿ" ಅನ್ನುವುದು ಸಣ್ಣ ಮಾತಿನಂತೆ ಕೇಳುತ್ತದೆ. ಅರ್ಧ ಹಣ ಮುಂಗಡ, ಅವರು ನಡುವೆ ಕೈಬಿಟ್ಟರೆ ಎಷ್ಟು ಕೊಡಬೇಕು, ಪಾವತಿಗೆ ಎಷ್ಟು ದಿನದ ಗಡುವು, ನಿಮ್ಮ ಪಾತ್ರವನ್ನು ಅವರ ಜಾಹೀರಾತಿನಲ್ಲಿ ಬೇರೆಡೆ ಬಳಸಬಹುದೇ, ಪ್ರತಿಸ್ಪರ್ಧಿ ಕಂಪನಿಗೆ ನೀವು ಎಷ್ಟು ಕಾಲ ಕೆಲಸ ಮಾಡುವಂತಿಲ್ಲ, ಎಲ್ಲವೂ ಕಾಗದದಲ್ಲಿರಲಿ. ಪಾತ್ರದ ಹಕ್ಕನ್ನೇ ಬರೆದುಕೊಡಿ ಅನ್ನುವ ಒಪ್ಪಂದ ಎಷ್ಟೇ ದೊಡ್ಡ ಮೊತ್ತದ್ದಾದರೂ ವಕೀಲರಿಗೆ ತೋರಿಸದೆ ಸಹಿ ಮಾಡಬೇಡಿ. ವಿಡಿಯೊ ಹಾಕುವಾಗ 'ಪಾವತಿಸಿದ ಪ್ರಚಾರ' ಎಂಬ ಗುರುತು ಹಾಕುವುದು ಕಡ್ಡಾಯ.

ಮಣಿಕಟ್ಟನ್ನು ಕಾಪಾಡಿಕೊಳ್ಳಿ. ಗೆರೆಯನ್ನು ಬೆರಳಿನಿಂದಲ್ಲ, ಮೊಣಕೈ ಮತ್ತು ಭುಜದಿಂದ ಎಳೆಯುವ ಅಭ್ಯಾಸ ಮಾಡಿ. 20 ನಿಮಿಷಕ್ಕೊಮ್ಮೆ 20 ಸೆಕೆಂಡ್ 20 ಅಡಿ ದೂರದ್ದನ್ನು ನೋಡಿ. ಬೆರಳು ಜುಮ್ಮೆನ್ನಲು ಶುರುವಾದರೆ ಆ ವಾರವೇ ವೈದ್ಯರ ಬಳಿ ಹೋಗಿ, ವಿಡಿಯೊ ಮುಗಿಯಲಿ ಅಂತ ಕಾಯಬೇಡಿ.

ಒಂದು ವಿಡಿಯೊ ಮುಗಿದ ಮೇಲೆ ಫೋಲ್ಡರ್ ಮುಚ್ಚುವ ಮುನ್ನ ಮಾಡಬೇಕಾದ ಕೆಲಸ ಇಷ್ಟು. ಪೂರ್ತಿ ವಿಡಿಯೊವನ್ನು ಪಿಎನ್‌ಜಿ ಸರಣಿಯಾಗಿ (ಪ್ರತಿ ಫ್ರೇಮ್‌ಗೂ ಒಂದೊಂದು ಚಿತ್ರದ ಫೈಲ್) ತೆಗೆದಿಡಿ. ಮಾತು, ಸದ್ದು, ಸಂಗೀತ ಮೂರನ್ನೂ ಬೇರೆ ಬೇರೆ ವೇವ್ ಫೈಲ್ ಮಾಡಿ. ಮುಂದೆ ಬೇರೆ ಭಾಷೆಗೆ ಡಬ್ ಮಾಡುವಾಗ, ಅಥವಾ ಕ್ಲೇಮ್ ಬಂದ ಸಂಗೀತ ಬದಲಿಸುವಾಗ ಇದಿಲ್ಲದೆ ಆಗುವುದಿಲ್ಲ. ಹಿನ್ನೆಲೆ ಚಿತ್ರಗಳನ್ನು ಚೌಕಟ್ಟಿಗಿಂತ ದೊಡ್ಡದಾಗಿ ಬಿಡಿಸಿದ್ದರೆ ಅದೇ ದೃಶ್ಯವನ್ನು ಲಂಬ ಅಳತೆಗೆ ಮತ್ತೆ ಜೋಡಿಸಬಹುದು. ಪರವಾನಗಿಗಳ ಪಿಡಿಎಫ್ ಮತ್ತು ಧ್ವನಿ ಒಪ್ಪಂದವೂ ಅದೇ ಫೋಲ್ಡರ್‌ನಲ್ಲಿರಲಿ. ಇದೆಲ್ಲದಕ್ಕೂ ಮೂರು ಪ್ರತಿ: ಎರಡು ಬೇರೆ ಬೇರೆ ಡಿಸ್ಕ್‌ನಲ್ಲಿ, ಒಂದು ಮನೆಯಿಂದ ಹೊರಗೆ.